ಹಗಲು ಪಾರ್ಕಿಂಗ್, ಸಂಜೆ ಮನೆ

"ಏಯ್, ಆ ಮುದುಕೀನ ಎತ್ರೋ! ಕಾರು ಎಲ್ಲಿ ನಿಲ್ಸೋದು, ನನ್ನ ತಲೆ ಮೇಲಾ?"

ಕೂಗಿದವರು ನಮ್ಮ ಪಟ್ಟಣ ಪಂಚಾಯಿತಿ ಅಧ್ಯಕ್ಷ ಗಜಾನನಯ್ಯ. ಮುದುಕಿ ಎಂದರೆ ನನ್ನ ಅವ್ವ ಸೀತಕ್ಕ. ಜೀವಮಾನವಿಡೀ ಈ ಪೇಟೆಯ ಚರಂಡಿ ಬಳಿದವಳು, ಚರಂಡಿಗೇ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ನಾನೂ ಹೆಂಡತಿ ಪ್ರೇಮಳೂ ಅವಳನ್ನು ಚಾಪೆ ಸಮೇತ ಎತ್ತಿ ಕಸದ ತಳ್ಳುಗಾಡಿಯಲ್ಲಿ ಮಲಗಿಸಿದೆವು. ಕಾಲು ಹೊರಗೆ ನೇತಾಡಿತು. ಅವ್ವ ನರಳಿದಳು.

"ನರಳ್ಬೇಡ್ವೇ, ಟೂರಿಸ್ಟಿನೋರು ಹೆದರ್ತಾರೆ," ಅಂದರು ಅಧ್ಯಕ್ಷರು.

ಶೃಂಗೇರಿಗೆ ಹೋಗುವ ಕಾರುಗಳು ಹೆಚ್ಚಾಗಿ ಪೇಟೆಯಲ್ಲಿ ಜಾಗ ಸಾಲದೆಂದು ಮೀಟಿಂಗ್ ಆಗಿತ್ತು. ಬಸ್ ಸ್ಟ್ಯಾಂಡ್ ಹಿಂದೆ ಖಾಲಿ ಜಾಗ ಇದೆ ಅಂದರು. ಖಾಲಿ ಜಾಗ ಎಂದರೆ ಕಸ ಗುಡಿಸುವ ನಮ್ಮ ಗುಡಿಸಲುಗಳಿದ್ದ ಜಾಗ. ನಮ್ಮನ್ನು ಓಡಿಸಿದರೆ ಕೇಸಾಗುತ್ತದೆಂಬ ಹೆದರಿಕೆ ಬೇರೆ. ಮುಖ್ಯಾಧಿಕಾರಿ ಶಾಂತವೀರಪ್ಪ ಎಂಥಾ ಬುದ್ಧಿ ಓಡಿಸಿದ ಅಂತೀರಿ! ಬೆಳಗ್ಗೆ ಏಳರಿಂದ ಸಂಜೆ ಆರರವರೆಗೆ ಪಾರ್ಕಿಂಗ್, ಆಮೇಲೆ ಪೌರಕಾರ್ಮಿಕರ ವಸತಿ. ಮೆಂಬರುಗಳೆಲ್ಲ ಚಪ್ಪಾಳೆ ತಟ್ಟಿದರು. ಬೋರ್ಡು ನೆಡಲು ಗುಂಡಿ ತೋಡಿದವನು ನಾನೇ.

ಅಂದಿನಿಂದ ಬೆಳಗಾದರೆ ಗೂಟ ಕಿತ್ತು, ಟಾರ್ಪಾಲು ಸುತ್ತಿ ಮನೆ ಬಿಚ್ಚಬೇಕು. ಸಂಜೆ ಮತ್ತೆ ಕಟ್ಟಬೇಕು. ಉಳಿದವರು ಸಾಕಾಗಿ ಕೊಪ್ಪದ ಕಡೆ ಹೋದರು. ಅವ್ವನನ್ನು ಹೊತ್ತು ನಾವೆಲ್ಲಿಗೆ ಹೋಗುವುದು? ಹಗಲೆಲ್ಲ ಅವಳು ಆ ಗಾಡಿಯಲ್ಲೇ ಮುದುಡಿಕೊಂಡು ಬಿಸಿಲಲ್ಲಿ ಬೇಯುತ್ತಿದ್ದಳು. "ಒಂದಿನ ಹಗಲಲ್ಲಿ ಕಾಲು ಚಾಚ್ಕಂಡು ಮಲಗ್ಬೇಕು ಕಣೋ ವಾಸಪ್ಪ," ಅನ್ನುತ್ತಿದ್ದಳು.

ಅವತ್ತು ಸಂಜೆ ಆರಾದರೂ ಗಜಾನನಯ್ಯನ ಬಿಳಿ ಕಾರು ನಮ್ಮ ಜಾಗದಲ್ಲೇ ನಿಂತಿತ್ತು. ಅಯ್ಯ ನೆಂಟರ ಜೀಪು ಹತ್ತುತ್ತಿದ್ದರು.

"ಕಾರು ಇವತ್ತೊಂದಿನ ಇಲ್ಲೇ ಇರತ್ತೆ ಮಾರಾಯ. ನಾನು ನರಸಿಂಹರಾಜಪುರಕ್ಕೆ ಹೋಗ್ಬರ್ತೀನಿ."

"ನಾವು ಮನೆ ಕಟ್ಬೇಕಲ್ಲ ಅಯ್ಯಾ?"

"ಅದರ ಸುತ್ತ ಕಟ್ಕೊ ಹೋಗೋ ಬೋಳಿಮಗನೆ!"

ಅಧ್ಯಕ್ಷರ ಮಾತು ಮೀರುವುದುಂಟೇ? ಕಟ್ಟಿದೆವು. ಟಾರ್ಪಾಲು ಕಾರಿನ ಮೇಲೆ ಹಾಯಿಸಿದೆವು. ಬಾನೆಟ್ಟಿನ ಮೇಲೆ ಪಾತ್ರೆ, ಕನ್ನಡಿಗೆ ಪ್ರೇಮಳ ಒದ್ದೆ ಸೀರೆ, ಚಕ್ರದ ಪಕ್ಕ ಅವ್ವನ ಹಾಸಿಗೆ.

ಬೆಳಗ್ಗೆ ಅಯ್ಯ ಮಿಂದು, ಮಡಿ ಪಂಚೆ ಉಟ್ಟು ಬಂದರು. ಶೃಂಗೇರಿಯಲ್ಲಿ ಮಗಳ ನಿಶ್ಚಿತಾರ್ಥ. ನಮ್ಮ ನೆರಳು ತಾಗಿದರೂ ಮತ್ತೆ ಮೀಯುವ ಮನುಷ್ಯ.

"ಕಾರು ಎಲ್ಲೋ?"

"ಮನೇಲಿದೆ ಅಯ್ಯಾ."

"ಎಂತ ಮನೆ? ಏಳಾಯ್ತಲ್ಲ, ಬಿಚ್ಚೋ!"

ಒಳಗೆ ನೋಡಿದೆ. ಅವ್ವ ಕಾಲು ಚಾಚಿ ಮಲಗಿದ್ದಳು. ನನ್ನ ಕೈ ಗೂಟದ ಕಡೆ ಹೋಗಲಿಲ್ಲ. ಬಾಗಿಲಲ್ಲಿ ಕೂತುಬಿಟ್ಟೆ.

"ಕೆಲಸದಿಂದ ಕಿತ್ ಹಾಕ್ತೀನಿ ಸೂಳೆಮಗನೆ!"

"ಕಿತ್ ಹಾಕಿ. ಆಮೇಲೆ ಬಿಚ್ಚೋರು ಯಾರು?"

ಫೋನು ಹೋಯಿತು. ಶಾಂತವೀರಪ್ಪ ಓಡಿಬಂದ. "ನೀವೇ ಬಿಚ್ರಿ," ಎಂದು ಅಯ್ಯ ಗದರಿದರು. ಅವನು ಒಂದು ಹೆಜ್ಜೆ ಮುಂದಿಟ್ಟು, ಅವ್ವನ ಕಂಬಳಿಯನ್ನೂ ಅವಳ ಉಚ್ಚೆಯ ಡಬ್ಬಿಯನ್ನೂ ನೋಡಿ, "ಸಾರ್, ನಾನೂ ಸ್ನಾನ ಮಾಡಿ ಬಂದಿದೀನಿ," ಎಂದು ಹಿಂದೆ ಸರಿದ. ಬಸ್ಸು ಕಾಯುತ್ತಿದ್ದವರೆಲ್ಲ ಸುತ್ತ ನೆರೆದರು. ಅಷ್ಟು ಜನರಲ್ಲಿ ನಮ್ಮ ಟಾರ್ಪಾಲು ಮುಟ್ಟುವವರು ಒಬ್ಬರೂ ಇರಲಿಲ್ಲ.

ಮುಹೂರ್ತ ಹತ್ತಿರವಾಗುತ್ತಿತ್ತು. ಅಯ್ಯ ಸಿಟ್ಟಿನಲ್ಲಿ ಕೀಯ ಬಟನ್ ಒತ್ತಿದರು. ಒಳಗಿನಿಂದ ಕಾರು ಕುಂಯ್ ಅಂದಿತು. ಮತ್ತೆ ಒತ್ತಿದರು. ಮತ್ತೆ ಕುಂಯ್.

"ಯಾರೋ ಅದು, ವಾಸಪ್ಪ?" ಅವ್ವ ಮಲಗಿದಲ್ಲಿಂದಲೇ ಕೇಳಿದಳು.

"ಅಧ್ಯಕ್ಷರು ಅವ್ವ. ಕಾರಿಗೆ ಬಂದಿದಾರೆ."

"ಹೊರಗ್ಯಾಕೆ ನಿಲ್ಸಿದೀಯ? ಅಯ್ಯಾ, ಒಳಗೆ ಬನ್ನಿ. ಚಪ್ಪಲಿ ಅಲ್ಲೇ ಬಿಡಿ. ಪ್ರೇಮ, ಅಯ್ಯಂಗೆ ಒಂದು ಲೋಟ ಚಾ ಕೊಡು."

ಪ್ರೇಮ ಚಾ ಲೋಟವನ್ನು ಬಾನೆಟ್ಟಿನ ಮೇಲಿಟ್ಟಳು. ನಾನು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದು ಕೂತೆ.