ದೊಡ್ಡ ಸ್ಕೂಲಿನ ನಲವತ್ತೊಂದನೆಯವಳು

ಕುತ್ತಿಗೆಯ ಮೇಲೆ ಕತ್ತಿ ಓಡುತ್ತಿರುವಾಗ ಯಾವ ಗಂಡಸೂ ಸುಳ್ಳು ಹೇಳುವುದಿಲ್ಲ. ಇದು ಕತ್ತರಿಯಣ್ಣನ ಸಿದ್ಧಾಂತ. ಔಷಧಿ ಅಂಗಡಿಗೂ ಸೈಕಲ್ ರಿಪೇರಿಯವನಿಗೂ ನಡುವೆ ಕ್ಷೌರದಂಗಡಿ ಇಟ್ಟುಕೊಂಡ ದಿನದಿಂದ ಅವನು ಇದನ್ನೇ ನಂಬಿಕೊಂಡು ಬಂದಿದ್ದ. ಯಾವ ಡಾಕ್ಟರ ಕೈಗುಣ ಚೆನ್ನಾಗಿದೆ, ಯಾವ ಬಾಡಿಗೆ ಮನೆಯ ಚಾವಣಿ ಸೋರುತ್ತದೆ, ಯಾವ ಕಂಪನಿಯ ಫ್ಯಾನು ಮೂರೇ ತಿಂಗಳಿಗೆ ಕೈಕೊಡುತ್ತದೆ, ಎಲ್ಲವನ್ನೂ ಅವನು ಆ ಕುರ್ಚಿಯಲ್ಲಿ ಕೂತವರ ಬಾಯಿಂದಲೇ ತಿಳಿದುಕೊಂಡವನು. ಹೆಂಡತಿ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಹೋಗುವವಳು, ಬಾಯಿ ಸ್ವಲ್ಪ ಚುರುಕು. "ನಿಮಗೆ ಹೊಟ್ಟೆ ನೋವು ಬಂದಿದೆಯೋ ಇಲ್ವೋ ಅಂತಾನೂ ಗಿರಾಕಿಗಳನ್ನೇ ಕೇಳ್ಕೊಂಡು ಬನ್ನಿ" ಎಂದು ಹಂಗಿಸುತ್ತಿದ್ದಳು. ಅವನಿಗೆ ಅದೂ ಹೊಗಳಿಕೆಯಾಗಿಯೇ ಕೇಳಿಸುತ್ತಿತ್ತು.

ಅವರಿಗೆ ಒಬ್ಬಳೇ ಮಗಳು. ದನದ ಡಾಕ್ಟರಾಗಬೇಕೆಂದು ಏಳನೆಯ ವಯಸ್ಸಿಗೇ ಹಟ ಹಿಡಿದವಳು. ಕಾಲು ಮುರಿದ ಬೀದಿ ಬೆಕ್ಕಿಗೆ ಅಂಗಡಿಯ ಹೊಸ ಟವೆಲ್ ಹರಿದು ಪಟ್ಟಿ ಕಟ್ಟಿದ್ದಳು, ಆ ಬೆಕ್ಕು ಆಮೇಲೆ ಎಲ್ಲರಿಗಿಂತ ಜೋರಾಗಿ ಓಡಾಡಿಕೊಂಡಿತ್ತು. ಬೀದಿಯ ಕೊನೆಯಲ್ಲಿರುವ ಸಣ್ಣ ಸ್ಕೂಲಿನಲ್ಲಿ ಪ್ರತಿ ವರ್ಷವೂ ಅವಳೇ ಮೊದಲು. ಆದರೆ ದನದ ಡಾಕ್ಟರ ಓದು ಇರುವುದು ರಾಜ್ಯದ ವಿಶ್ವವಿದ್ಯಾಲಯದಲ್ಲಿ ಮಾತ್ರ, ಅಲ್ಲಿ ಸೀಟು ಸಿಗುವುದೆಂದರೆ ಹುಡುಗಾಟವಲ್ಲ. ಹೈಸ್ಕೂಲು ಮುಗಿಯಲು ಇನ್ನು ಎರಡು ವರ್ಷ ಬಾಕಿ ಇದೆ ಎನ್ನುವಾಗ, ಇವಳನ್ನು ಸೇತುವೆಯಾಚೆಯ ದೊಡ್ಡ ಸ್ಕೂಲಿಗೆ ಸೇರಿಸುವುದೋ ಇಲ್ಲೇ ಬಿಡುವುದೋ ಎಂಬ ಪ್ರಶ್ನೆ ಎದ್ದಿತು.

ಕತ್ತರಿಯಣ್ಣ ಎಂದಿನಂತೆ ಕುರ್ಚಿಯನ್ನೇ ಕೇಳಿದ. ಬಂದ ಬಂದವರೆಲ್ಲ ದೊಡ್ಡ ಸ್ಕೂಲು ಅಂದರು. ಆದರೂ ಅವನು ಕಾದಿದ್ದು ಲೆಕ್ಕದ ಮೇಷ್ಟ್ರಿಗಾಗಿ. ಮೇಷ್ಟ್ರು ಪಾಠ ಹೇಳುವುದು ಆ ದೊಡ್ಡ ಸ್ಕೂಲಿನಲ್ಲೇ. ಅವರ ಮಗನೂ ಅಲ್ಲೇ ಓದುತ್ತಿದ್ದ, ಇವಳದೇ ಓರಗೆ. ಒಂದು ಶನಿವಾರ ಮೇಷ್ಟ್ರು ಬಂದು ಕೂತರು. ಕತ್ತರಿಯಣ್ಣ ಗಲ್ಲಕ್ಕೆ ನೊರೆ ಹಚ್ಚಿ, ಕತ್ತಿಯನ್ನು ಗಂಟಲ ಗಡ್ಡೆಯ ಪಕ್ಕಕ್ಕೆ ತಂದುಕೊಂಡೇ, ಒಳ್ಳೆಯ ಸ್ಕೂಲು ಯಾವುದು ಹೇಳಿಬಿಡಿ ಎಂದ. ಮೇಷ್ಟ್ರು ಪ್ರಯೋಗಶಾಲೆಯ ಬಗ್ಗೆ ಹೇಳಿದರು, ಹೊಸ ಮೈಕ್ರೋಸ್ಕೋಪುಗಳ ಬಗ್ಗೆ ಹೇಳಿದರು, ಜೀವಶಾಸ್ತ್ರ ಕಲಿಸುವ ಮೇಡಂ ಎಂಥ ಗಟ್ಟಿಗಿತ್ತಿ ಎಂದು ಹೇಳಿದರು. "ಒಳ್ಳೇ ಸ್ಕೂಲು ಅಂದ್ರೆ ನಮ್ಮದೇ. ಅದರಲ್ಲಿ ಎರಡು ಮಾತಿಲ್ಲ" ಅಂದರು. ಇನ್ನೇನು ಬೇಕು? ಮಗಳು ಪ್ರವೇಶ ಪರೀಕ್ಷೆ ಬರೆದಳು, ಪಾಸಾದಳು, ಎರಡು ಬಸ್ಸು ಬದಲಾಯಿಸಿಕೊಂಡು ದೊಡ್ಡ ಸ್ಕೂಲಿಗೆ ಹೋಗತೊಡಗಿದಳು.

ಅದೇ ಬೇಸಿಗೆ ಮುಗಿದ ಮೇಲೆ ಇನ್ನೊಂದು ವಿಚಿತ್ರ ನಡೆಯಿತು. ಮೇಷ್ಟ್ರ ಮಗ ಸಣ್ಣ ಸ್ಕೂಲಿನ ಯೂನಿಫಾರ್ಮು ಹಾಕಿಕೊಂಡು ಅಂಗಡಿಯ ಮುಂದೆಯೇ ನಡೆದುಹೋದ. ಅಯ್ಯೋ ಪಾಪ, ಓದಿನಲ್ಲಿ ಹಿಂದೆ ಬಿದ್ದಿರಬೇಕು, ಅಪ್ಪ ಅಲ್ಲೇ ಮೇಷ್ಟ್ರಾಗಿದ್ದೂ ಹುಡುಗನನ್ನು ಉಳಿಸಿಕೊಳ್ಳೋಕೆ ಆಗಲಿಲ್ಲವಲ್ಲ ಎಂದು ಕತ್ತರಿಯಣ್ಣ ಮರುಗಿದ. ಮೇಷ್ಟ್ರು ಬಂದಾಗ ಆ ಮಾತನ್ನೇ ಎತ್ತಲಿಲ್ಲ. ಗಾಯಕ್ಕೆ ಉಪ್ಪು ಹಾಕುವ ಜಾಯಮಾನ ಅವನದಲ್ಲ. ಹೆಂಡತಿಗೂ ಯಾರ ಹತ್ತಿರವೂ ಈ ವಿಷಯ ಆಡಬೇಡ ಎಂದು ತಾಕೀತು ಮಾಡಿದ. ಅಷ್ಟೇ ಅಲ್ಲ, ಹುಡುಗ ಕಟಿಂಗಿಗೆ ಬಂದರೆ ದುಡ್ಡು ಮುಟ್ಟುತ್ತಿರಲಿಲ್ಲ, ಬೆನ್ನು ತಟ್ಟಿ, ಎದೆಗುಂದಬೇಡ ಮರಿ ಎಂದು ಕಳಿಸುತ್ತಿದ್ದ. ಎಂಥ ಧಾರಾಳ ನೋಡಿ!

ಇತ್ತ ಮಗಳು ಹಗಲಿರುಳು ಓದುತ್ತಿದ್ದಳು. ಬಸ್ಸಿನಲ್ಲಿ ಓದಿದಳು, ಅಂಗಡಿಯ ಒದ್ದೆ ಟವೆಲ್ಲುಗಳನ್ನು ಒಣಹಾಕುತ್ತ ಬಾಯಿಪಾಠ ಮಾಡಿದಳು. ಕೊನೆಯ ವರ್ಷದ ನಡುವೆ ಸ್ಕೂಲಿನವರು ಕ್ರಮಾಂಕ ಹೇಳಿದರು. ಮುನ್ನೂರು ಮಕ್ಕಳಲ್ಲಿ ಅವಳು ನಲವತ್ತೊಂದನೆಯವಳು. ಅವಳು ಮುಖ ಸಣ್ಣಗೆ ಮಾಡಿಕೊಂಡು ಬಂದು ಹೇಳಿದರೆ ಕತ್ತರಿಯಣ್ಣ ಕುಣಿದುಬಿಟ್ಟ. ಘಟಾನುಘಟಿಗಳ ನಡುವೆ ನಲವತ್ತೊಂದು! ವಾರವಿಡೀ ಬಂದ ಗಿರಾಕಿಗಳ ಕಿವಿಗೆಲ್ಲ ಕತ್ತರಿಯ ಸದ್ದಿಗಿಂತ ಹೆಚ್ಚು ಬಿದ್ದದ್ದು ಈ ನಲವತ್ತೊಂದೇ.

ಅವನ ಕುಣಿತ ನಿಂತದ್ದು ಪೋಷಕರ ಸಭೆಯ ದಿನ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿ, ದನದ ಡಾಕ್ಟರ ಸೀಟಿಗೆ ಅರ್ಜಿ ಯಾವಾಗ ಹಾಕುವುದು ಎಂದು ಆಫೀಸಿನ ಹೆಂಗಸನ್ನು ಕೇಳಿದ. ಆಕೆ ಮಗಳ ಕ್ರಮಾಂಕ ಕೇಳಿ ತುಟಿ ಕಚ್ಚಿಕೊಂಡು, ಅವನನ್ನು ಕೂರಿಸಿ ವಿವರಿಸಿದಳು. ವಿಶ್ವವಿದ್ಯಾಲಯವು ಪ್ರತಿಯೊಂದು ಸ್ಕೂಲಿನಿಂದಲೂ ನೂರಕ್ಕೆ ಹತ್ತು ಮಕ್ಕಳನ್ನು ನೇರವಾಗಿ ತೆಗೆದುಕೊಳ್ಳುತ್ತದೆ. ಸ್ಕೂಲು ದೊಡ್ಡದೋ ಸಣ್ಣದೋ ನೋಡುವುದಿಲ್ಲ. ಅವರವರ ಸ್ಕೂಲಿನಲ್ಲಿ ಅವರವರು ಎಷ್ಟನೆಯವರು ಎಂಬುದಷ್ಟೇ ಲೆಕ್ಕ. ಇಲ್ಲಿ ಮುನ್ನೂರು ಮಕ್ಕಳು, ಮೊದಲ ಮೂವತ್ತು ಜನರಿಗೆ ಸೀಟು. ಮೂವತ್ತೊಂದನೆಯವನಿಂದ ಆಚೆಗೆ ಇಡೀ ರಾಜ್ಯದ ಉಳಿದ ಮಕ್ಕಳ ಜೊತೆ ಸಾಮಾನ್ಯ ಪರೀಕ್ಷೆ ಬರೆದು, ಮಿಕ್ಕ ಬೆರಳೆಣಿಕೆಯ ಸೀಟಿಗೆ ಗುದ್ದಾಡಬೇಕು.

ಕತ್ತರಿಯಣ್ಣ ಬಸ್ಸಿಗೂ ಕಾಯದೆ ಸೇತುವೆ ದಾಟಿ ನಡೆದೇ ಬಂದ. ಬಂದವನು ಮನೆಗೂ ಹೋಗದೆ ನೇರ ಸಣ್ಣ ಸ್ಕೂಲಿಗೆ ನುಗ್ಗಿದ. ಮುಖ್ಯೋಪಾಧ್ಯಾಯಿನಿ ಹೂಕುಂಡಗಳಿಗೆ ನೀರು ಹಾಕಿಸುತ್ತಿದ್ದರು. ಮಗಳನ್ನು ನಾಳೆಯೇ ಕರೆತರುತ್ತೇನೆ, ವಾಪಸು ಸೇರಿಸಿಕೊಳ್ಳಿ ಎಂದು ಗೋಗರೆದ. ಅವರು ಬೇಸರದಿಂದಲೇ ತಲೆ ಅಲ್ಲಾಡಿಸಿದರು. ಕೊನೆಯ ಎರಡು ವರ್ಷ ಇಲ್ಲೇ ಓದಿದ್ದರೆ ಮಾತ್ರ ಇಲ್ಲಿನ ಕ್ರಮಾಂಕ, ಈಗ ಬಂದರೆ ಅತ್ತಲೂ ಇಲ್ಲ ಇತ್ತಲೂ ಇಲ್ಲ. ಹಾಗಾದರೆ ಇಲ್ಲಿ ಈಗ ಮೊದಲು ಯಾರು ಎಂದು ಸುಮ್ಮನೆ ಬಾಯಿಗೆ ಬಂದದ್ದು ಕೇಳಿದ. ಲೆಕ್ಕದ ಮೇಷ್ಟ್ರ ಮಗ ಅಂದರು. ಅವನ ಅಂಕಗಳನ್ನೂ ಹೇಳಿದರು. ಮಗಳ ಅಂಕ ಅದಕ್ಕಿಂತ ಮೇಲಿತ್ತು.

ಆಗ ಹೊಳೆಯಿತು ನೋಡಿ, ನಮ್ಮ ಕತ್ತರಿಯಣ್ಣನಿಗೆ. ಎದೆಗುಂದಬೇಡ ಮರಿ ಎಂದು ಪುಕ್ಕಟೆ ಕಟಿಂಗ್ ಮಾಡಿ ಕಳಿಸಿದ್ದು ಯಾರಿಗೆ ಎಂದು. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಇಲ್ಲಿ ಆ ಗೌಡಿಕೆ ಅವನ ಮಗಳಿಗೇ ಇತ್ತು, ಊರೇನೂ ಹಾಳಾಗಿರಲಿಲ್ಲ. ಇವನೇ ಅವಳನ್ನು ಎಬ್ಬಿಸಿ ಕಳಿಸಿ, ಖಾಲಿ ಗದ್ದುಗೆಯ ಧೂಳು ಒರೆಸಿ ಇನ್ನೊಬ್ಬರನ್ನು ಕೂರಿಸಿದ್ದ. ಮೈಯೆಲ್ಲ ಉರಿದುಹೋಯಿತು ಅವನಿಗೆ.

ಶನಿವಾರ ಮೇಷ್ಟ್ರು ಬಂದರು. ಏನೂ ಆಗದವರಂತೆ ಕೂತು ಗಲ್ಲ ಎತ್ತಿದರು. ಕತ್ತರಿಯಣ್ಣ ನೊರೆ ಹಚ್ಚಿದ, ಕತ್ತಿ ಹಿಡಿದ, ಒಂದು ಗಳಿಗೆ ಹಿಂದೆ ಸರಿದು ನಿಂತ. ಆಮೇಲೆ ಕೇಳಿದ.

"ನಿಮ್ಮ ಮಗನನ್ನ ಇಲ್ಲಿಗೆ ಯಾಕೆ ತಂದು ಸೇರಿಸಿದ್ರಿ ಮೇಷ್ಟ್ರೇ?"

ಮೇಷ್ಟ್ರು ಕನ್ನಡಿಯಲ್ಲಿ ಅವನ ಮುಖ ನೋಡಿದರು. ಇವನಿಗೆ ಎಲ್ಲ ಗೊತ್ತಾಗಿದೆ ಎಂದು ಅವರಿಗೂ ಗೊತ್ತಾಯಿತು.

"ಸೀಟಿಗೋಸ್ಕರ" ಅಂದರು.

"ನನಗೆ ಹೇಳಿದ್ದೇ ಬೇರೆ."

"ಒಳ್ಳೇ ಸ್ಕೂಲು ಯಾವುದು ಅಂತ ನೀನು ಕೇಳಿದೆ, ನಾನು ಹೇಳಿದೆ. ಸುಳ್ಳು ಹೇಳಿದ್ನಾ? ಇವತ್ತು ಕೇಳಿದ್ರೂ ಅದನ್ನೇ ಹೇಳ್ತೀನಿ. ಸೀಟು ಎಲ್ಲಿ ಸಿಗುತ್ತೆ ಅಂತ ನೀನು ಕೇಳಲಿಲ್ಲ." ಅವರ ಮುಖದಲ್ಲೂ ನೆಮ್ಮದಿ ಇರಲಿಲ್ಲ. "ನಿಜ ಹೇಳಬೇಕು ಅಂದ್ರೆ ಆ ದಿನ ಬಂದಾಗ ನನಗೂ ಅದು ತಲೇಲಿ ಇರಲಿಲ್ಲ. ನಿಯಮ ಗೊತ್ತಿತ್ತು, ನನ್ನ ಮಗನಿಗೆ ಕೂಡಿ ಕಳೆದು ನೋಡಿರಲಿಲ್ಲ. ಇಲ್ಲೇ ಕೂತಿದ್ದಾಗ ಕಿವಿಗೆ ಬಿತ್ತು."

"ಯಾರ ಬಾಯಿಂದ?"

ಹೇಳಿದರೆ ನಿನಗೇ ಸಂಕಟ, ಬಿಡು ಎಂದಷ್ಟೇ ಅಂದು ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಕತ್ತರಿಯಣ್ಣ ಏನು ಮಾಡಿಯಾನು? ಅರ್ಧ ಗಡ್ಡ ಬಿಟ್ಟು ಎಬ್ಬಿಸುವ ಹಾಗಿಲ್ಲ. ಉಳಿದರ್ಧ ಹೆರೆದು, ಪಟಿಕ ಉಜ್ಜಿ, ಬಟ್ಟೆ ಕೊಡವಿ ಕಳಿಸಿದ. ಒಂದು ಗೀರೂ ಬೀಳಲಿಲ್ಲ, ಅದಕ್ಕೂ ಅವನಿಗೆ ಸಿಟ್ಟೇ ಬಂತು. ಮೇಷ್ಟ್ರು ಅವತ್ತಿನಿಂದ ಬೇರೆ ಅಂಗಡಿ ನೋಡಿಕೊಂಡರು.

ಅಲ್ಲಿಂದ ಶುರುವಾಯಿತು ಅವನ ಹೊಸ ಹುಚ್ಚು. ತನ್ನ ಅಂಗಡಿಯಲ್ಲಿ, ತನ್ನ ಕಿವಿಗೆ ಬೀಳದ ಹಾಗೆ, ಈ ಗುಟ್ಟನ್ನು ಮೇಷ್ಟ್ರಿಗೆ ಉಸುರಿದವನು ಯಾರು? ಔಷಧಿ ಅಂಗಡಿಯವನನ್ನು ಕೇಳಿದ, ಅವನಿಗೆ ಮದುವೆಯೇ ಆಗಿಲ್ಲ, ಸ್ಕೂಲಿನ ಗೊಡವೆ ಅವನಿಗೇಕೆ. ಸೈಕಲ್ ರಿಪೇರಿಯವನ ಮೇಲೆ ರೇಗಿದ, ಅವನು ಎರಡು ವಾರ ಮಾತು ಬಿಟ್ಟ. ಬಂದ ಗಿರಾಕಿಯನ್ನೆಲ್ಲ ಪೊಲೀಸಿನವನಂತೆ ತಡಕಾಡಿದ್ದಕ್ಕೆ ಒಬ್ಬೊಬ್ಬರೇ ಕಡಿಮೆಯಾದರು. ಹೆಂಡತಿ, ಮನೆಗೆ ಬೆಂಕಿ ಬಿದ್ದಾಗ ಬೆಂಕಿಪೊಟ್ಟಣ ಯಾರದು ಅಂತ ಹುಡುಕೋರನ್ನ ನಿಮ್ಮನ್ನೇ ನೋಡಿದ್ದು ಅಂದಳು. ಮಗಳು ಮಾತ್ರ ತನ್ನ ಪಾಡಿಗೆ ಸಾಮಾನ್ಯ ಪರೀಕ್ಷೆಗೆ ಓದುತ್ತಿದ್ದಳು.

ಪರೀಕ್ಷೆ ಬರೆದಳು. ಸೀಟು ಸಿಗಲಿಲ್ಲ. ಕೊನೆಯ ಸೀಟು ಪಡೆದವನಿಗೂ ಅವಳಿಗೂ ಇದ್ದ ಅಂತರ ಒಂದೂವರೆ ಅಂಕ. ಸಣ್ಣ ಸ್ಕೂಲಿನಿಂದ ಹತ್ತು ಮಕ್ಕಳು ಹೋದರು, ಅದರಲ್ಲಿ ಏಳನೆಯವಳು ಹಿಂದೆ ಇವಳ ಹತ್ತಿರ ಲೆಕ್ಕ ಹೇಳಿಸಿಕೊಳ್ಳುತ್ತಿದ್ದವಳು. ಮೇಷ್ಟ್ರ ಮಗನೂ ಹೋದ. ಏನು ಓದುವುದೆಂದು ಅವನಿನ್ನೂ ಯೋಚಿಸಿಯೇ ಇರಲಿಲ್ಲವಂತೆ. ಮಗಳು ಊರಲ್ಲೇ ಇದ್ದ ಮಾಮೂಲಿ ಕಾಲೇಜಿಗೆ ಹೆಸರು ಬರೆಸಿದಳು. ಬರುವ ವರ್ಷ ಮತ್ತೆ ಪರೀಕ್ಷೆ ಬರೆಯುತ್ತೇನೆ ಅಂದಳು. ಅವಳು ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು ಎಂದು ಕತ್ತರಿಯಣ್ಣನಿಗೆ ಅನ್ನಿಸುತ್ತಿತ್ತು.

ಕಾಲೇಜು ಶುರುವಾಗುವ ಮುಂಚಿನ ಸಂಜೆ ಮೂವರೂ ಅಡುಗೆಮನೆಯಲ್ಲಿ ಕೂತು ಅಂಗಡಿಯ ಟವೆಲ್ಲುಗಳನ್ನು ಮಡಿಸುತ್ತಿದ್ದರು. ಕತ್ತರಿಯಣ್ಣ ಅದೇ ಹಳೆಯ ರಾಗ ತೆಗೆದ. ಯಾರೇ ಆಗಿರಲಿ, ಮೇಷ್ಟ್ರಿಗೆ ಹೇಳಿದ ಬಾಯಿಗೆ ನನಗೊಂದು ಮಾತು ಹೇಳಕ್ಕೆ ಏನಾಗಿತ್ತು, ನನ್ನ ಉಪ್ಪು ತಿಂದೋರೇ ಯಾರೋ ಇರಬೇಕು ಎಂದ.

"ನಾನೇ ಅಪ್ಪ" ಅಂದಳು ಮಗಳು.

ಅವನಿಗೆ ಅರ್ಥವಾಗಲಿಲ್ಲ.

"ಮೇಷ್ಟ್ರಿಗಲ್ಲ, ನಿನಗೇ ಹೇಳಿದ್ದು. ಮೇಷ್ಟ್ರು ದೊಡ್ಡ ಸ್ಕೂಲನ್ನ ಹೊಗಳ್ತಿದ್ರಲ್ಲ, ಆ ಶನಿವಾರ ಅಂಗಡಿಗೆ ಊಟದ ಡಬ್ಬಿ ಕೊಡಕ್ಕೆ ಬಂದಿದ್ದೆ. ನಮ್ಮ ಸೀನಿಯರ್ ಅಕ್ಕ ಒಬ್ಬಳು ಈ ಲೆಕ್ಕ ಹೇಳಿಕೊಟ್ಟಿದ್ಲು. ಇಲ್ಲೇ ಇದ್ರೆ ಹತ್ತರೊಳಗೆ ಇದ್ದೇ ಇರ್ತೀನಿ, ಸೀಟು ಖಂಡಿತ, ದೊಡ್ಡ ಸ್ಕೂಲಲ್ಲಿ ಆ ಧೈರ್ಯ ಇಲ್ಲ ಅಂದೆ. ಮೇಷ್ಟ್ರು ತಟ್ಟನೆ ನನ್ನ ಕಡೆ ತಿರುಗಿದ್ರು. ನೀನು ಅವರ ತಲೆ ಹಿಡಿದು ಆ ಕಡೆ ತಿರುಗಿಸ್ದೆ. ನನಗೆ, ಡಬ್ಬಿ ಅಲ್ಲಿಟ್ಟು ಹೋಗು, ದೊಡ್ಡೋರು ಮಾತಾಡ್ತಿದೀವಿ ಅಂದೆ."

"ಮನೇಲಿ ಹೇಳಬೇಕಿತ್ತು."

"ಹೇಳಿದ್ದೆ. ನೀನು, ಮೇಷ್ಟ್ರೇ ಹೇಳಿದ ಮೇಲೆ ಮುಗೀತು ಅಂದೆ."

ಅವನು ಹೆಂಡತಿಯ ಕಡೆ ನೋಡಿದ. ಹಂಗಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಅವಳಿಗೆ ಸಿಗುವಂತಿರಲಿಲ್ಲ. ಅವಳು ತಲೆ ಬಗ್ಗಿಸಿಕೊಂಡು ಟವೆಲ್ಲಿನ ಅಂಚು ಸರಿಮಾಡುತ್ತಿದ್ದಳು.

ಕತ್ತರಿಯಣ್ಣ ಆ ಶನಿವಾರವನ್ನು ನೆನಪಿಗೆ ತಂದುಕೊಳ್ಳಲು ಹೆಣಗಿದ. ಎಲ್ಲ ನೆನಪಿತ್ತು. ಮೇಷ್ಟ್ರು ಮೈಕ್ರೋಸ್ಕೋಪಿನ ಬಗ್ಗೆ ಹೇಳಿದ್ದು ಅಕ್ಷರ ಬಿಡದೆ ನೆನಪಿತ್ತು, ಅವರ ದವಡೆಯ ಕೆಳಗೊಂದು ಮೊಡವೆ ಇದ್ದದ್ದು, ಅದನ್ನು ತಪ್ಪಿಸಿ ಕತ್ತಿ ಓಡಿಸಿದ್ದು, ಅವರ ತಲೆ ಅಲ್ಲಾಡಿದಾಗ ಹಿಡಿದು ತಿರುಗಿಸಿದ್ದು, ಎಲ್ಲವೂ. ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತ ಮಗಳು ಮಾತ್ರ ಎಷ್ಟು ತಡಕಿದರೂ ಸಿಗಲಿಲ್ಲ.