ಒಂದೊಂದ ಬಿಡ್ರಿ

ಯಮಕನಮರಡಿಯಲ್ಲಿ ಊರ ರಸ್ತೆ ಏರು ಹತ್ತಿ ಹೆದ್ದಾರಿಗೆ ಕೂಡುವ ಮೂಲೆಗೆ ಅಲ್ಲವ್ವನ ಹಿಟ್ಟಿನ ಗಿರಣಿ. ಆ ವರ್ಷ ಹೆದ್ದಾರಿಯನ್ನು ಅಗಲ ಮಾಡಿದ್ದರು. ಇನ್ನು ಗದ್ದಲ ತಪ್ಪಿತು ಎಂದು ಊರೇ ನಂಬಿತ್ತು. ಆದರೆ ಕಬ್ಬಿನ ಹಂಗಾಮು ಸುರುವಾದದ್ದೇ ತಡ, ದಿನಾ ಮುಂಜಾನೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಹತ್ತು ಹನ್ನೆರಡು ಟ್ರ್ಯಾಕ್ಟರುಗಳು ಒಮ್ಮೆಲೇ ಮೇಲೆ ನುಗ್ಗಿ, ನಾ ಮುಂದು ತಾ ಮುಂದು ಎಂದು ರಸ್ತೆಯನ್ನೆಲ್ಲ ಹಿಡಿದುಬಿಡುತ್ತಿದ್ದವು. ಹಿಂದೆ ಬಸ್ಸು, ಲಾರಿಗಳು ಮೈಲುಗಟ್ಟಲೆ ನಿಂತು ಹಾರ್ನ್ ಒತ್ತುತ್ತಿದ್ದವು. ಪೊಲೀಸ್ ಶಿದ್ರಾಮ ಹೆದ್ದಾರಿಯ ನಡುವೆ ನಿಂತು ಸೀಟಿ ಊದಿ ಊದಿ ಹೈರಾಣಾಗುತ್ತಿದ್ದ.

ಒಂದು ದಿನ ಅವನು ನೀರು ಕುಡಿಯಲು ಗಿರಣಿಗೆ ಬಂದ. ಅದೇ ಹೊತ್ತಿಗೆ ಕಿರಾಣಿ ಅಂಗಡಿಯ ಕುಂಥುನಾಥ ಅವಸರಕ್ಕೆ ಗೋಧಿಯ ಚೀಲವನ್ನು ಒಮ್ಮೆಲೇ ಗಿರಣಿಯ ಬಾಯಿಗೆ ಸುರಿದ. ಕಲ್ಲು ಗೊರ್ ಎಂದು ನಿಂತಿತು.

“ಅಣ್ಣಾರ, ಸ್ವಲ್ಪ ಸ್ವಲ್ಪ ಹಾಕಿದ್ರ ಲಗೂ ಆಗತೈತ್ರಿ” ಎಂದು ಅಲ್ಲವ್ವ ಬೆಲ್ಟು ಬಿಚ್ಚಿದಳು. ಕಾಳು ತೆಗೆಯುತ್ತಾ ಹೊರಗೆ ಸಿಕ್ಕಿಬಿದ್ದ ಟ್ರ್ಯಾಕ್ಟರುಗಳನ್ನು ನೋಡಿದವಳ ಕೈ ಹಾಗೇ ನಿಂತಿತು.

“ಸಾಹೇಬ್ರ, ನೀವೂ ರೋಡಿಗಿ ಚೀಲಾನ ಸುರವಾಕತ್ತೀರಿ. ದೊಡ್ಡ ರೋಡ ಯಾಕ ತಡೀತೀರಿ? ಏರಿನ ಬುಡಕ್ಕ ಟ್ರ್ಯಾಕ್ಟರ್ ತಡೀರಿ. ಒಂದು ಮ್ಯಾಲ ಹತ್ತಿ ಸರಳ ಓಡಾಕ ಹತ್ತಿತಂದ್ರ ಇನ್ನೊಂದ ಬಿಡ್ರಿ.”

“ಇರಾವ ನಾ ಒಬ್ಬವ. ಮ್ಯಾಲ ನೋಡ್ಲೋ, ಕೆಳಗ ನೋಡ್ಲೋ?”

“ಕೆಳಗ ನಾ ನಿಲ್ತೇನಿ. ರಸ್ತಾ ಖಾಲಿ ಆತಂದ್ರ ನೀವು ಮ್ಯಾಲಿಂದ ಕೈ ಎತ್ರಿ.”

ಮರುದಿನ ಅಲ್ಲವ್ವ ಕೆಂಪು ಟವೆಲ್ ಹಿಡಿದು ಏರಿನ ಬುಡದಲ್ಲಿ ನಿಂತಳು. ಮೊದಲ ಎರಡು ಟ್ರ್ಯಾಕ್ಟರುಗಳು ಹತ್ತಿಹೋದವು. ಮೂರನೆಯದಕ್ಕೆ ಟವೆಲ್ ಅಡ್ಡ ಹಿಡಿದಳು. ನೋಡಿದರೆ ಮೇಲೆ ಕೂತವನು ಅವಳ ಗಂಡ ಉದ್ದಪ್ಪ.

“ಏ, ಸರಿ ಆಕಡಿ.”

“ಸರಿಯೂದಿಲ್ಲ. ಸಾಹೇಬ್ರು ಕೈ ಎತ್ತೂತನಕ ನಿಂದರ್ರಿ.”

“ನಾ ಯಾರಂತ ಗೊತ್ತೈತಿಲ್ಲ?”

“ಗೊತ್ತೈತಿ. ನಿಮ್ಮನ್ನ ಬಿಟ್ರ ಹಿಂದಿನವರು ನನ್ನ ಮಾತ ಕೇಳ್ತಾರೇನು?”

ಹಿಂದಿನ ಟ್ರ್ಯಾಕ್ಟರಿನವರು ಬಿದ್ದು ಬಿದ್ದು ನಕ್ಕರು. ಅಲ್ಲವ್ವ ಟವೆಲ್ ಇಳಿಸಲಿಲ್ಲ. ಗಂಡ ಹಟಕ್ಕೆ ಬಿದ್ದು ಗಾಡಿ ನುಗ್ಗಿಸಿದರೆ ತನ್ನ ಮಾತು ಮಣ್ಣುಪಾಲು. ಉದ್ದಪ್ಪ ಮುಖ ಗಂಟು ಹಾಕಿಕೊಂಡು ಎಂಜಿನ್ ಬಂದ್ ಮಾಡಿದ. ಸುಣ್ಣ ತಂಬಾಕು ತಿಕ್ಕುತ್ತ ಕೂತ. ತುಸು ಹೊತ್ತಿಗೆ ಮೇಲಿಂದ ಶಿದ್ರಾಮನ ಕೈ ಎದ್ದಿತು. ಉದ್ದಪ್ಪ ಹೆಂಡತಿಯ ಕಡೆ ನೋಡದೆ ಏರು ಹತ್ತಿದ. ಆಮೇಲೆ ಯಾರೂ ತಕರಾರು ತೆಗೆಯಲಿಲ್ಲ. ಸ್ವಂತ ಗಂಡನನ್ನೇ ನಿಲ್ಲಿಸಿದವಳಿಗೆ ಏನು ಹೇಳುವುದು?

ಸಾಲು ಬೆಳೆದು ಕುಂಥುನಾಥನ ಅಂಗಡಿಯವರೆಗೂ ಮುಟ್ಟಿತು. ಬಾಗಿಲಿಗೆ ಅಡ್ಡ ಬಂದಿತೆಂದು ಅವನು ಜಗಳಕ್ಕೆ ಬಂದ. ಅಷ್ಟರಲ್ಲಿ ನಿಂತ ಡ್ರೈವರುಗಳೇ ಅವನ ಅಂಗಡಿಗೆ ಇಳಿದು ಶೇಂಗಾ, ಬೆಲ್ಲ ಕೊಳ್ಳತೊಡಗಿದರು. ಜಗಳ ಅಲ್ಲಿಗೇ ಮುಗಿಯಿತು. ಹೆದ್ದಾರಿಯ ಮೇಲೆ ಬಸ್ಸುಗಳು ನಿಲ್ಲದೆ ಹೋಗುತ್ತಿದ್ದವು.

ಊಟದ ಹೊತ್ತಿಗೆ ಉದ್ದಪ್ಪ ಬಂದ. ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದ.

“ದಿನಾ ಫ್ಯಾಕ್ಟರಿ ಮುಟ್ಟಾಕ ಎರಡ ತಾಸು ಹಿಡೀತಿತ್ತು” ಎಂದ. “ಇವತ್ತ ಒಂದ ತಾಸಿನ್ಯಾಗ ಮುಟ್ಟಿದೆ. ನೀ ನಿಲ್ಸಿದ್ದೂ ಸೇರಿಸಿ.”

“ಹಂಗಾರ ನಾಳಿ ಎಷ್ಟೊತ್ತು ನಿಲ್ಲಸ್ಲಿ?”

ಉದ್ದಪ್ಪ ನಗು ತಡೆಯಲಾಗದೆ ಕೆಮ್ಮಿದ.

ಹದಿನೈದು ದಿನಕ್ಕೆ ಶಿದ್ರಾಮನ ಮೇಲಿನ ಸಾಹೇಬರು ಬಂದು, ಕೆಳಗೆ ನಿಲ್ಲಲು ಇಬ್ಬರು ಹೋಂಗಾರ್ಡುಗಳನ್ನು ಹಾಕಿದರು. ಮೊದಲು ಎರಡು ದಿನ ಅಲ್ಲವ್ವನ ಬಾಜೂ ನಿಂತು ಕಲಿಯಿರಿ ಎಂದು ಅವರಿಗೆ ಅಪ್ಪಣೆ. ಅವಳು ಮದುವೆಗೆ ಹೊರಟವಳಂತೆ ಇಳಕಲ್ಲ ಸೀರೆ ಉಟ್ಟು ಬಂದಳು.

“ಸೀಟಿ ಸಣ್ಣಗ ಊದ್ರಿ, ಕಣ್ಣು ಮ್ಯಾಲ ಇಡ್ರಿ” ಎಂದು ಹೇಳಿಕೊಟ್ಟಳು. “ಬೀಗರು ಬರ್ಲಿ, ಬಿಜ್ಜರು ಬರ್ಲಿ, ಒಂದೊಂದ ಬಿಡ್ರಿ.”