ಅಮ್ಮ ಕಾಯಿಸಿದ ನೀರು

ನನ್ನ ಹಲ್ಲುಗಳೆಂದರೆ ನನಗೇ ನಾಚಿಕೆ. ಮುಂದಿನವುಗಳ ಮೇಲೆ ತುಕ್ಕಿನ ಬಣ್ಣದ ಗೆರೆಗಳಿವೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ನಗು ಬಂದರೆ ಕೈ ತಾನಾಗಿ ಬಾಯಿಗೆ ಅಡ್ಡ ಹೋಗುತ್ತದೆ. ಇಂಥವಳಿಗೆ ಡಿಗ್ರಿ ಮುಗಿದ ಮೇಲೆ ಸಿಕ್ಕಿದ ಕೆಲಸ ಹಲ್ಲಿನ ಕ್ಲಿನಿಕ್ಕಿನಲ್ಲಿ. ಸುದ್ದಿ ಕೇಳಿ ಅಪ್ಪ ಬಿದ್ದು ಬಿದ್ದು ನಕ್ಕಿದ್ದ. "ಬಾಯಿಗೆ ಬೀಗ ಹಾಕ್ಕೊಂಡಿರೋ ನಮ್ಮ ಬೀಗಮ್ಮನಿಗೆ ಬೇರೆಯವರ ಬಾಯಿ ತೆಗೆಸೋ ಕೆಲಸ ನೋಡು!"

ಆ ಅಪ್ಪ ಈಗ ನಗುವುದೇ ಅಪರೂಪ. ಅವನು ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುವವನು. ಬೆನ್ನು ಹಲಗೆಯಂತೆ ಬಿಗಿದಿದೆ, ಸಂಜೆಯಾದರೆ ಪಾದ ಊದುತ್ತದೆ. ಕಿಡ್ನಿ ಸೋಲುತ್ತಿದೆ ಎಂದರು ಆಸ್ಪತ್ರೆಯಲ್ಲಿ. ಸಕ್ಕರೆ ಕಾಯಿಲೆಯಿಲ್ಲ, ಬಿಪಿ ಇಲ್ಲ. ಮತ್ತೆ ಯಾಕೆ ಎಂದರೆ ಯಾರಲ್ಲೂ ಉತ್ತರವಿರಲಿಲ್ಲ.

ಅಮ್ಮನಲ್ಲಿತ್ತು. "ಆ ಬೇಕರಿ ಟ್ಯಾಂಕಲ್ಲಿ ಏನೇನು ಬಿದ್ದು ಸತ್ತಿದೆಯೋ! ಒಲೆ ಕಾವಿಗೆ ಕೊಡಗಟ್ಟಲೆ ಕುಡೀತಾರೆ, ಇನ್ನೇನಾಗುತ್ತೆ?"

ನಾನು ಹಸುಗೂಸಾಗಿದ್ದಾಗ ಭೇದಿಯಾಗಿ ಸಾಯುವ ಹಾಗಾಗಿದ್ದೆನಂತೆ. ಅಂದಿನಿಂದ ಅಮ್ಮ ನಮ್ಮ ಬೋರ್‌ವೆಲ್ ನೀರನ್ನು ಕಾಯಿಸದೆ ಯಾರಿಗೂ ಕೊಟ್ಟವಳಲ್ಲ. ಈಗಂತೂ ಪಾತ್ರೆಯ ನೀರು ಅರ್ಧಕ್ಕೆ ಇಳಿಯುವ ತನಕ ಕುದಿಸುತ್ತಾಳೆ. ಅದನ್ನೇ ಆರಿಸಿ, ಕ್ಯಾನಿಗೆ ತುಂಬಿ ಅಪ್ಪನ ಜೊತೆ ಕಳಿಸುತ್ತಾಳೆ. ಕ್ಯಾನು ಶುರುವಾದ ಮೇಲೂ ಅಪ್ಪ ಇಳಿಯುತ್ತಲೇ ಹೋದ.

ಅಪ್ಪನ ಕಾಯಿಲೆಗೆ ಕಾರಣ ಹುಡುಕುತ್ತಾ ಡೈರಿಯಲ್ಲಿ 'ಬೇಕರಿ ಟ್ಯಾಂಕು' ಎಂದು ಬರೆದಿದ್ದೆ. ಆಮೇಲೆ ಹೊಡೆದುಹಾಕಿ, ಅಪ್ಪ ನುಂಗುವ 'ಬೆನ್ನುನೋವಿನ ಮಾತ್ರೆ' ಎಂದು ಬರೆದೆ. ಮಾತ್ರೆ ಅಂಗಡಿಯವನ ಮುಖವನ್ನೂ ಅನುಮಾನದಿಂದ ನೋಡಿದೆ.

ಒಂದು ಮಧ್ಯಾಹ್ನ ಕ್ಲಿನಿಕ್ಕು ಖಾಲಿಯಿತ್ತು. ಡಾಕ್ಟರಮ್ಮ ನನ್ನನ್ನೇ ಕುರ್ಚಿಯಲ್ಲಿ ಕೂರಿಸಿದರು.

"ಕೈ ತೆಗಿಯೇ. ದಿನಾ ಬಾಯಿ ನೋಡಿಯೇ ಬದುಕೋಳು ನಾನು, ನಿಂದೇನು ಹೊಸದಾ?" ದೀಪ ಹತ್ತಿರ ಎಳೆದರು. "ಚಿಕ್ಕವಳಿದ್ದಾಗ ಯಾವ ನೀರು ಕುಡೀತಿದ್ದೆ?"

"ಬೋರ್‌ವೆಲ್ದು. ಅಮ್ಮ ಚೆನ್ನಾಗಿ ಕುದಿಸಿ ಕೊಡ್ತಿದ್ಲು."

"ಈ ಗೆರೆ ಫ್ಲೋರೈಡಿಂದು ಕಣೇ, ನೆಲದಾಳದ ನೀರಲ್ಲಿ ಕರಗಿರೋ ಲವಣ. ಕುದಿಸಿದ್ರೆ ಸಾಯೋಕೆ ಅದೇನು ಹುಳನಾ? ನೀರು ಆವಿಯಾಗುತ್ತೆ, ಅದು ತಳದಲ್ಲೇ ಉಳಿಯುತ್ತೆ. ಕುದಿಸಿದಷ್ಟೂ ಗಟ್ಟಿ."

ಅಪ್ಪನ ವಿಷಯ ಹೇಳಿ, ಕಿಡ್ನಿಗೂ ಇದೇ ಕಾರಣವಾ ಎಂದು ಕೇಳಿದೆ. ಅವರು ಕೈಗವಸು ಬಿಚ್ಚಿ ಬುಟ್ಟಿಗೆ ಹಾಕಿದರು.

"ಕಿಡ್ನಿ ಹೋಗಿದ್ದು ಅದರಿಂದಲೇ ಅಂತ ನಾನು ಹೇಳಲಾರೆ. ವರ್ಷಗಟ್ಟಲೆ ಕುಡಿದ್ರೆ ಅದಕ್ಕೂ ಪೆಟ್ಟು ಬೀಳಬಹುದು. ಆದ್ರೆ ಇದು ಗ್ಯಾರಂಟಿ, ಸೋತ ಕಿಡ್ನಿ ಅದನ್ನ ಸರಿಯಾಗಿ ಹೊರಗೆ ಹಾಕಲ್ಲ. ಮೂಳೆಯೊಳಗೇ ಸೇರ್ತಾ ಹೋಗುತ್ತೆ. ಮೊದಲು ನೀರು ಪರೀಕ್ಷೆ ಮಾಡಿಸು."

ಅಂದು ಡೈರಿ ತೆರೆದೆ. 'ಅ' ಎಂದು ಬರೆದು, 'ಮ್ಮ' ಸೇರಿಸಲಾಗದೆ ಮುಚ್ಚಿಟ್ಟೆ.

ಆಮೇಲೆ ನನ್ನ ಮನೆಯಲ್ಲೇ ನಾನು ಕಳ್ಳಿಯಾದೆ. ಅಮ್ಮ ಪಾತ್ರೆಯ ತಳದ ಬಿಳಿ ಹಕ್ಕಳೆಯನ್ನು ಸೌಟಿನಿಂದ ಕೆರೆಯುವುದನ್ನು ಬಾಗಿಲ ಮರೆಯಿಂದ ನೋಡಿದೆ. "ನೋಡು, ಕೊಳೆಯೆಲ್ಲಾ ಹೇಗೆ ಬಿಟ್ಕೊಂಡಿದೆ," ಎಂದು ನನ್ನನ್ನು ಕಂಡು ಹೆಮ್ಮೆಪಟ್ಟಳು. ನಾನು ಬಾಟಲಿ ತುಂಬುವಾಗ ಮಾತ್ರ ಅವಳ ಹುಬ್ಬು ಏರಿತು.

"ಎಲ್ಲಿಗೇ ಅದು?"

"ಕ್ಲಿನಿಕ್ಕಿಗೆ. ಕುಡಿಯೋಕೆ."

ಬೋರ್‌ವೆಲ್ ನೀರು, ಬೇಕರಿ ಟ್ಯಾಂಕಿನ ನೀರು, ಅಮ್ಮ ಕಾಯಿಸಿದ ನೀರು, ಮೂರನ್ನೂ ಲ್ಯಾಬಿನವರಿಗೆ ಪರೀಕ್ಷೆಗೆ ಕೊಟ್ಟೆ. ಬೇಕರಿಗೆ ಬರುವುದು ಕೆರೆಯ ಕೊಳಾಯಿ ನೀರು, ಅದರಲ್ಲಿ ದೋಷವಿರಲಿಲ್ಲ. ಬೋರ್‌ವೆಲ್ಲಿನದು ಫ್ಲೋರೈಡ್ ಮಿತಿ ಮೀರಿದ್ದು, ಕುಡಿಯಲು ಯೋಗ್ಯವಲ್ಲ ಎಂದರು. ಮೂರನೆಯದಕ್ಕೆ, "ಇದನ್ನ ಎಲ್ಲಿಂದ ತಂದ್ರಿ?" ಎಂದು ಕೇಳಿದರು.

ಮನೆಗೆ ಬಂದಾಗ ಅಪ್ಪ ಗೋಡೆಗೆ ಒರಗಿ ಕುಳಿತಿದ್ದ. ಅಮ್ಮ ಲೋಟ ತುಂಬಿ ಹಿಡಿದಿದ್ದಳು.

"ಪೂರ್ತಿ ಕುಡೀರಿ. ಅಲ್ಲಿ ಬೇಕರಿ ನೀರು ಮುಟ್ಟಿಲ್ಲ ತಾನೇ?"

"ಮುಟ್ಟಿದ್ರೆ ನೀನು ಬಿಡ್ತೀಯಾ, ಮಾರಾಯ್ತಿ?" ಅಪ್ಪ ಲೋಟ ಎತ್ತಿದ.

ನಾನು ಹೋಗಿ ಅದನ್ನು ಕಿತ್ತುಕೊಂಡೆ. ನೀರು ಅವನ ಅಂಗಿಯ ಮೇಲೆಲ್ಲ ಚೆಲ್ಲಿತು.

"ಏನೇ ಬಂತು ನಿಂಗೆ? ನಿಮ್ಮಪ್ಪನ ಜೀವ ಉಳಿಸೋಕೆ ಒದ್ದಾಡ್ತಿದೀನಿ ನಾನು!"

ಉಗಿಗೆ ಕೆಂಪಾದ ಅವಳ ಬೆರಳುಗಳನ್ನು ನೋಡಿದೆ. ಕೈ ಎಂದಿನಂತೆ ಬಾಯಿಯತ್ತ ಹೊರಟಿತ್ತು. ಇಳಿಸಿದೆ.

"ಅಮ್ಮಾ, ಬೇಕರಿ ನೀರು ಚೆನ್ನಾಗಿದೆ. ಕೆಟ್ಟಿರೋದು ನೀನು ಕಾಯಿಸಿದ ನೀರು."